ಮೊದಲು ಮನೆಗೆ, ಅನಂತರ ಮಂದಿಗೆ

ವಿಮಾನದಿಂದ ಹೊರಕ್ಕೆ ಜಿಗಿದು, ಸ್ವಲ್ಪ ಹೊತ್ತು ಹಕ್ಕಿಯಂತೆ ಕೈಚಾಚಿ ಬಿದ್ದು, ಬಳಿಕ ಪ್ಯಾರಾಚೂಟ್ ಬಿಚ್ಚಿ ನೆಲಕ್ಕಿಳಿಯುವ ‘ಸ್ಕೈಡೈವಿಂಗ್’ ಎಂಬ ಕ್ರೀಡೆಯ ಚಿತ್ರಗಳನ್ನು ನಮ್ಮ ವಿದ್ಯಾರ್ಥಿ ಮಿತ್ರರು ನೋಡಿರಬಹುದು. ಸುಮಾರು 4,000 ಮೀಟರ್ ಎತ್ತರದಿಂದ ಜಿಗಿದವರು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಒಂದು ನಿಮಿಷದಷ್ಟು ಕಾಲ ಬೀಳುತ್ತಾರೆ. ಇಂಥ ಆಟದಲ್ಲಿ ಅಪಘಾತಗಳು ಆಗದೆ ಇರವು. ಆದರೆ ನಾವು ಇಲ್ಲಿ ವಿಚಾರ ಮಾಡಹೊರಟಿರುವುದು ಆ ಸಾಹಸವನ್ನಲ್ಲ. ಒಬ್ಬರು ಹಾಗೆ ಬಿದ್ದು ಸತ್ತಾಗ ಆ ಸುದ್ದಿಯನ್ನು ಯಾರು, ಯಾರಿಗೆ, ಯಾವಾಗ, ಎಷ್ಟರಮಟ್ಟಿಗೆ ಹೇಳಬೇಕು ಎಂಬುದೇ ನಮ್ಮ ಪ್ರಶ್ನೆ.

“ಸತ್ತವರ ವಿಷಯ ಏಕೆ ಕೆದಕಬೇಕು? ಮನೆಯವರ ದುಃಖ ಅವರಿಗಿರಲಿ, ಸುಮ್ಮನಿರೋಣ” ಎನ್ನುವವರಿದ್ದಾರೆ. “ಕಂಡದ್ದನ್ನು ಕಂಡಕೂಡಲೇ ಹೇಳಬೇಕು, ಮುಚ್ಚಿಡುವುದು ತಪ್ಪು” ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಮಿಕ್ಕ ಅರ್ಧವನ್ನು ಬಿಟ್ಟರೆ ಎರಡರಿಂದಲೂ ಕೇಡೇ.

ಮೊದಲು ಸುಮ್ಮನಿರುವ ಮಾತನ್ನು ನೋಡೋಣ. ಅಮೆರಿಕದಲ್ಲಿ ಈ ಆಟದವರ ಸಂಸ್ಥೆಯಾದ ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್ 1961ರಿಂದಲೂ ಸಾವುಗಳ ಲೆಕ್ಕವನ್ನಿಟ್ಟಿದೆ. ಆ ದೇಶದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಮಂದಿ ಈ ಆಟದಲ್ಲಿ ಸಾಯುತ್ತಿದ್ದರು. 2023ರಲ್ಲಿ ಸುಮಾರು 36 ಲಕ್ಷ ಜಿಗಿತಗಳು ನಡೆದರೂ ಸತ್ತವರು 10 ಮಂದಿ. ಉಪಕರಣಗಳು ಸುಧಾರಿಸಿದವು, ತರಬೇತಿ ಬಿಗಿಯಾಯಿತು. ಆದರೆ ಯಾವುದನ್ನು ಸುಧಾರಿಸಬೇಕೆಂದು ತಿಳಿದದ್ದು ಹೇಗೆ? ಬಿದ್ದವರು ಏಕೆ ಬಿದ್ದರೆಂದು ಬರೆದಿಟ್ಟದ್ದರಿಂದ. ಎಚ್ಚರ ತಪ್ಪಿ, ಇಲ್ಲವೆ ಎತ್ತರದ ಅಂದಾಜು ತಪ್ಪಿ, ಪ್ಯಾರಾಚೂಟ್ ಬಿಚ್ಚದೆಯೇ ನೆಲಕ್ಕಪ್ಪಳಿಸಿದವರ ವಿಷಯ ಗೊತ್ತಿದ್ದುದರಿಂದಲೇ, ನೆಲ ಹತ್ತಿರವಾದಾಗ ಎರಡನೆಯ ಪ್ಯಾರಾಚೂಟನ್ನು ತಾನಾಗಿ ಬಿಚ್ಚುವ ಚಿಕ್ಕ ಯಂತ್ರಗಳ ಅಗತ್ಯ ಕಂಡಿತು. 1991ರಲ್ಲಿ ಜರ್ಮನಿಯಿಂದ ಬಂದ ‘ಸೈಪ್ರಸ್’ ಎಂಬ ಯಂತ್ರ ಅಂಥದು.

1988ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ, 800ಕ್ಕೂ ಹೆಚ್ಚು ಸಲ ಜಿಗಿದಿದ್ದ ಅನುಭವಿಯೊಬ್ಬರು ಇತರರ ಜಿಗಿತವನ್ನು ಚಿತ್ರಿಸಲು ಹೋಗಿ, ತಮ್ಮ ಪ್ಯಾರಾಚೂಟನ್ನೇ ಮರೆತು ವಿಮಾನದಿಂದ ಹಾರಿದರು. ಬೆನ್ನಿಗಿದ್ದ ಚಿತ್ರಣ ಯಂತ್ರದ ಭಾರವನ್ನೇ ಪ್ಯಾರಾಚೂಟಿನ ಭಾರವೆಂದು ಅವರು ಎಣಿಸಿರಬೇಕೆಂದು ಊಹಿಸಲಾಯಿತು. ವಿಮಾನ ಹತ್ತುವ ಮೊದಲು ಒಬ್ಬರನ್ನೊಬ್ಬರು ತಪಾಸಣೆ ಮಾಡಬೇಕು, ಅನುಭವಿಯನ್ನೂ ಬಿಡಬಾರದು ಎಂಬುದು ಇದರ ಪಾಠ. ನಾವು ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆಯದುದರಿಂದ ಪಾಠಕ್ಕೆ ಏನಾದರೂ ಕೊರತೆಯಾಯಿತೇ? ಆ ಸಂಸ್ಥೆಯ ಮಾಸಪತ್ರಿಕೆಯೂ ಅಪಘಾತಗಳ ವರದಿಯನ್ನು ಹೆಸರಿಲ್ಲದೆಯೇ ಅಚ್ಚು ಹಾಕುತ್ತದೆ. ಎಷ್ಟು ಜಿಗಿತಗಳ ಅನುಭವ, ಏನಾಯಿತು, ಏನು ಮಾಡಬೇಕಿತ್ತು ಎಂಬಿಷ್ಟೇ ಅದರಲ್ಲಿರುತ್ತದೆ. ಇದು ಅನುಕರಣೀಯವೆಂದು ನಾವು ಭಾವಿಸುತ್ತೇವೆ.

ಇನ್ನು ಅವಸರದ ಮಾತು. ಆಸ್ಟ್ರಿಯದ ಫೆಲಿಕ್ಸ್ ಬಾಮ್‌ಗಾರ್ಟ್ನರ್ 2012ರ ಅಕ್ಟೋಬರ್ 14ರಂದು ಸುಮಾರು 39 ಕಿಲೋಮೀಟರ್ ಎತ್ತರದಿಂದ ಜಿಗಿದು, ಶಬ್ದದ ವೇಗವನ್ನೂ ಮೀರಿ ಬಿದ್ದು, ಸುರಕ್ಷಿತವಾಗಿ ಇಳಿದು ಜಗತ್ಪ್ರಸಿದ್ಧರಾದರು. ಅವರೇ 2025ರ ಜುಲೈ 17ರಂದು ಇಟಲಿಯ ಕಡಲತೀರದ ಊರೊಂದರಲ್ಲಿ ಮೋಟಾರು ಜೋಡಿಸಿದ ಪ್ಯಾರಾಗ್ಲೈಡರಿನಲ್ಲಿ ಹಾರುತ್ತಿದ್ದಾಗ ಬಿದ್ದು ತೀರಿಕೊಂಡರು. ಅಂದೇ ಸುದ್ದಿ ಹರಡಿತು: ಗಾಳಿಯಲ್ಲಿಯೇ ಅಸ್ವಸ್ಥರಾದರಂತೆ, ಹೃದಯ ನಿಂತಿತಂತೆ ಎಂದು. ಮರಣೋತ್ತರ ಪರೀಕ್ಷೆಯಲ್ಲಿ ಆ ಮಾತು ನಿಲ್ಲಲಿಲ್ಲ. ಬಿದ್ದ ಪೆಟ್ಟಿನಿಂದಲೇ ಸಾವು ಸಂಭವಿಸಿತ್ತು. ಗ್ಲೈಡರಿನಲ್ಲಿ ದೋಷವಿರಲಿಲ್ಲ, ಸುರುಳಿ ಸುತ್ತುತ್ತ ಇಳಿದದ್ದನ್ನು ಅವರಿಗೆ ಸಕಾಲದಲ್ಲಿ ಹತೋಟಿಗೆ ತರಲಾಗಲಿಲ್ಲ ಎಂದು ತಿಂಗಳುಗಳ ಬಳಿಕ ತನಿಖೆ ತಿಳಿಸಿತು.

ಈ ಎರಡು ಸುದ್ದಿಗಳ ನಡುವಣ ಅಂತರವನ್ನು ವಾಚಕರು ಗಮನಿಸಬೇಕು. ಹೃದಯ ನಿಂತದ್ದು ನಿಜವಾಗಿದ್ದರೆ ಹಾರಾಟದ ಬಗೆಯಿಂದ ಇತರರು ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಸುರುಳಿಯ ಇಳಿತವೇ ಕಾರಣವಾದರೆ ಕಲಿಯಬೇಕಾದದ್ದು ಬಹಳವಿದೆ. ಅವಸರದ ಸುದ್ದಿ ಮನೆಯವರನ್ನು ನೋಯಿಸುವುದು ಮಾತ್ರವಲ್ಲ, ಪಾಠವನ್ನೂ ಮರೆಮಾಡುತ್ತದೆ. ವಿಮಾನ ಅಪಘಾತಗಳ ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಎತ್ತು ಈಯಿತೆಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಇದು ನೆನಪಿರುವುದಿಲ್ಲ.

ಇದೆಲ್ಲ ದೂರದ ದೇಶದ ಮಾತಾಯಿತೆಂದು ಹೆತ್ತವರು ಎಣಿಸಬಾರದು. ನಮ್ಮಲ್ಲಿ ವಿಮಾನದಿಂದ ಜಿಗಿಯುವವರಿಲ್ಲ. ಮಳೆಗಾಲದಲ್ಲಿ ಮದ್ದು ಬಿಡಲು ಅಡಿಕೆ ಮರ ಹತ್ತುವವರು ಮನೆಮನೆಯಲ್ಲಿಯೂ ಇದ್ದಾರೆ. ಕಳೆದ ಮಳೆಗಾಲದಲ್ಲಿ ಹಾಗೆ ಹತ್ತಿದವರೊಬ್ಬರು ಬಿದ್ದರು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು. “ಹೋದರಂತೆ” ಎಂಬ ಮಾತಿನೊಡನೆ ಅದು ಅವರ ಹೆಂಡತಿಗೆ ವಿಷಯ ತಿಳಿಯುವ ಮೊದಲೇ ನಮ್ಮ ಶಾಲೆಗೆ ಬಂತು, ಎಂಟನೆಯ ತರಗತಿಯಲ್ಲಿದ್ದ ಅವರ ಮಗನ ಕಿವಿಗೂ ಬಿತ್ತು. ಹುಡುಗ ಮಳೆಯಲ್ಲಿಯೇ ಮನೆಗೆ ಓಡಿದ. ತಂದೆ ಆಸ್ಪತ್ರೆಯಲ್ಲಿದ್ದರು, ಕಾಲು ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಆ ಚಿತ್ರವನ್ನು ಮುಂದಕ್ಕೆ ಕಳಿಸಿದವರಲ್ಲಿ ಅಧ್ಯಾಪಕರಾದ ನಮ್ಮಲ್ಲಿಯೂ ಕೆಲವರಿದ್ದೆವೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಚಿತ್ರವನ್ನು ಎಲ್ಲರೂ ನೋಡಿದೆವು. ಏಕೆ ಬಿದ್ದರೆಂದು ಮಾತ್ರ ಯಾರೂ ಕೇಳಲಿಲ್ಲ. ಕಾಲಿಗೆ ಹಾಕುವ ಬಳ್ಳಿ ಸವೆದಿತ್ತೆಂದು ನಮಗೆ ತಿಳಿದದ್ದು ಎರಡು ತಿಂಗಳ ಮೇಲೆ, ಆ ಹುಡುಗನ ಬಾಯಿಂದ. ಅಷ್ಟರಲ್ಲಿ ಎಷ್ಟು ಮಂದಿ ಸವೆದ ಬಳ್ಳಿಯಲ್ಲಿಯೇ ಮರ ಹತ್ತಿದ್ದರೋ!

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಅಪಘಾತ ಕಂಡಾಗ ಮೊದಲು ನೆರವಿಗೆ ಹೋಗಬೇಕು. ಬಳಿಕ ಮನೆಯವರಿಗೆ, ಹಿರಿಯರೊಬ್ಬರು ಹತ್ತಿರ ಕುಳಿತು ತಿಳಿಸಬೇಕು. ಅಲ್ಲಿಯವರೆಗೆ ಹೆಸರೂ ಬೇಡ, ಚಿತ್ರವೂ ಬೇಡ. ಕಂಡದ್ದನ್ನು ಕಂಡಷ್ಟೇ ಹೇಳಬೇಕು, ಕಾರಣವನ್ನು ಊಹಿಸಬಾರದು. ಕಾರಣ ಖಚಿತವಾದ ಮೇಲೆ ಮಾತ್ರ ಸುಮ್ಮನಿರಬಾರದು. ಹೆಸರನ್ನು ಬಿಟ್ಟು ಪಾಠವನ್ನು ಊರಿಗೆಲ್ಲ ಹೇಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಹೇಳಬೇಕಾದ ಮಾತನ್ನು ಹೇಳದೆ ಉಳಿದರೆ ಜೀವವೂ ಹೋದೀತೆಂಬುದನ್ನು ಅದಕ್ಕೆ ಸೇರಿಸಿಕೊಳ್ಳೋಣ. ಬರುವ ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಲ್ಲಿ ಮರ ಹತ್ತುವವರ ಬಳ್ಳಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ ಎಂದು ಕೇಳಿಕೊಳ್ಳುತ್ತೇವೆ.