ಗ್ಲೌಸಿನ ಮೇಲಿನ ನಾಲ್ಕು ಅಂಕಿ, ಒಂದು ಅಕ್ಷರ

ಹಿಂಗಾರಿನ ರಾಶಿ ಮುಗಿದು ಯುಗಾದಿ ಹತ್ತಿರ ಬಂತೆಂದರೆ ವರ್ಷದ ಲೆಕ್ಕ ಹಾಕುವ ಹೊತ್ತು. ಮಳೆ ಎಷ್ಟು ಬಂತು, ಕಡಲೆಗೆ ಏನು ದರ ಸಿಕ್ಕಿತು, ಸೊಸೈಟಿ ಸಾಲ ಎಷ್ಟು ಉಳಿಯಿತು ಎಂದು ಗಜೇಂದ್ರಗಡ, ರೋಣ, ನರಗುಂದದ ಮನೆಮನೆಯಲ್ಲೂ ಬೆರಳು ಮಡಚಿ ಎಣಿಸುತ್ತಾರೆ. ಆ ಬೆರಳುಗಳದ್ದೇ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಈ ಸಲ ಅದನ್ನೇ ಹಾಕಬೇಕೆಂದು ಕುಳಿತಿದ್ದೇನೆ.

ನಮ್ಮ ಎರೆಭೂಮಿಯಲ್ಲಿ ಕೈಗೆ ಬೀಳುವ ಪೆಟ್ಟು ಬೆಳೆಗೊಂದು ಥರ. ಕಡಲೆ ಗಿಡ ಕೀಳುವವರು ಇಬ್ಬನಿ ಆರುವ ಮೊದಲೇ ಹೊಲಕ್ಕೆ ಇಳಿಯುತ್ತಾರೆ. ಎಲೆಯ ಮೇಲಿನ ಸಣ್ಣ ರೋಮಗಳು ಒಸರುವ ಹುಳಿ ಅಂಗೈಯ ಬಿರುಕಿಗೆ ಇಳಿದರೆ ರಾತ್ರಿ ರೊಟ್ಟಿ ಮುರಿಯಲೂ ಆಗದಷ್ಟು ಉರಿ. ಹತ್ತಿ ಬಿಡಿಸುವಾಗ ಒಣಗಿದ ಕಾಯಿಯ ಚೂಪು ತುದಿ ಉಗುರಿನ ಸಂದಿಗೆ ಚುಚ್ಚುತ್ತದೆ. ಜೋಳ ಕೊಯ್ಯುವಾಗ ಕುಡುಗೋಲು ಜಾರಿದರೆ ಎಡಗೈಯ ಕಿರುಬೆರಳಿಗೆ ಬೀಳುತ್ತದೆ. ಇದಕ್ಕೆಲ್ಲ ನಮ್ಮ ಅವ್ವಂದಿರಿಗೆ ಇದ್ದ ರಕ್ಷಣೆ ಒಂದೇ: ಹಳೆಯ ಸೀರೆಯ ಅರಿವೆ ಹರಿದು ಕೈಗೆ ಸುತ್ತಿಕೊಳ್ಳುವುದು.

ಈಗ ಆ ಅರಿವೆಯ ಜಾಗಕ್ಕೆ ಗ್ಲೌಸ್ ಬಂದಿದೆ. ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲಿ ಗೊಂಚಲು ಗೊಂಚಲಾಗಿ ತೂಗುತ್ತದೆ. ಕೆಲವದರ ಮೇಲೆ ಏನೂ ಬರೆದಿರುವುದಿಲ್ಲ. ಕೆಲವದರ ಹಿಂಗೈ ಮೇಲೆ ಗುರಾಣಿಯೊಳಗೆ ಸುತ್ತಿಗೆಯ ಚಿತ್ರ, ಪಕ್ಕದಲ್ಲಿ ‘ಇಎನ್ 388’, ಕೆಳಗೆ ನಾಲ್ಕು ಅಂಕಿ ಮತ್ತು ಒಂದು ಅಕ್ಷರ ಇರುತ್ತದೆ. ಕೊಳ್ಳುವವರು ಅದನ್ನು ಓದುವುದಿಲ್ಲ, ಮಾರುವವರು ಹೇಳುವುದಿಲ್ಲ. ಎಷ್ಟೋ ಜನ ಅದನ್ನು ಕಂಪನಿಯ ನಂಬರು ಎಂದೇ ತಿಳಿದಿದ್ದಾರೆ. ಅದು ಆ ಗ್ಲೌಸಿನ ಪರೀಕ್ಷೆಯ ಫಲಿತಾಂಶ.

ಇಎನ್ 388 ಯುರೋಪಿನ ಮಾನದಂಡ. 1994ರಲ್ಲಿ ಬಂತು, 2003ರಲ್ಲಿ ತಿದ್ದುಪಡಿಯಾಯಿತು, 2016ರಲ್ಲಿ ದೊಡ್ಡದಾಗಿ ಬದಲಾಯಿತು, 2018ರಲ್ಲಿ ಮತ್ತೆ ಸ್ವಲ್ಪ. ಮೊದಲ ಅಂಕಿ ಉಜ್ಜಿದರೆ ಸವೆಯುವುದನ್ನು ಹೇಳುತ್ತದೆ, 4 ಎಂದರೆ ಅತ್ಯುತ್ತಮ. ಎರಡನೆಯದು ಅಲಗಿನ ಕೊಯ್ತ, 5ರವರೆಗೆ. ಮೂರನೆಯದು ಹರಿಯುವುದು, ನಾಲ್ಕನೆಯದು ಚುಚ್ಚುವುದು, ಎರಡೂ 4ರವರೆಗೆ. ಕೊನೆಯ ಅಕ್ಷರ ಎ ಇಂದ ಎಫ್‌ವರೆಗೆ, ಅದೂ ಕೊಯ್ತದ್ದೇ, ಆದರೆ ಬೇರೆ ಯಂತ್ರದಲ್ಲಿ ಅಳೆದದ್ದು. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ ಅಥವಾ ಅನ್ವಯಿಸುವುದಿಲ್ಲ ಎಂದರ್ಥ.

ಒಂದೇ ಕೊಯ್ತಕ್ಕೆ ಎರಡು ಅಳತೆ ಏಕೆ? ಕಳೆದ ಮೂವತ್ತು ವರ್ಷಗಳ ಕಥೆಯೆಲ್ಲ ಈ ಪ್ರಶ್ನೆಯಲ್ಲೇ ಇದೆ, ಮತ್ತು ನೇಕಾರರ ಊರಿನವರಾದ ನಮಗೆ ಅದು ಬೇಗ ಅರ್ಥವಾಗುತ್ತದೆ. ಹಳೆಯ ಪರೀಕ್ಷೆಯಲ್ಲಿ ದುಂಡನೆಯ ಅಲಗೊಂದು ತಿರುಗುತ್ತ, ಸುಮಾರು ಅರ್ಧ ಕಿಲೋ ಭಾರದಲ್ಲಿ ಬಟ್ಟೆಯ ಮೇಲೆ ಹಿಂದೆ ಮುಂದೆ ಓಡುತ್ತದೆ. ಬಟ್ಟೆ ತೂತಾಗುವವರೆಗೆ ಎಷ್ಟು ಸುತ್ತು ಎಂದು ಎಣಿಸುತ್ತಾರೆ. ಹೋಲಿಕೆಗೆ ಇಡುವುದು ಏನನ್ನು ಗೊತ್ತೇ? ಹತ್ತಿಯ ಕ್ಯಾನ್ವಾಸ್ ಬಟ್ಟೆಯನ್ನು. ಅದರೊಂದಿಗೆ ಹೋಲಿಸಿದ ಸೂಚ್ಯಂಕ 2.5 ಬಂದರೆ 2ನೇ ಮಟ್ಟ, 10 ಬಂದರೆ 4, 20 ಬಂದರೆ 5. ಪಟ್ಟೇದಂಚು ಸೀರೆ ನೇಯ್ದ ಗಜೇಂದ್ರಗಡದ ಹೆಣ್ಣುಮಕ್ಕಳು ಕೈಗೆ ಸುತ್ತಿಕೊಂಡದ್ದೂ ಹತ್ತಿಯ ನೇಯ್ಗೆಯನ್ನೇ. ಜಗತ್ತಿನ ಪ್ರಯೋಗಾಲಯವೂ ಅಳತೆಯನ್ನು ಶುರುಮಾಡಿದ್ದು ಅಲ್ಲಿಂದಲೇ.

ತೊಡಕು ಬಂದದ್ದು ಹೊಸ ನೂಲಿನಿಂದ. 1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅವರ ಶೋಧದಿಂದ ಕೆವ್ಲಾರ್ ಹುಟ್ಟಿತು. ಆಮೇಲೆ ಗಟ್ಟಿ ಪಾಲಿಎಥಿಲೀನ್ ನೂಲು ಬಂತು, ಗಾಜಿನ ಎಳೆ, ಉಕ್ಕಿನ ಎಳೆ ಸೇರಿಸಿ ಹೆಣೆಯುವುದು ಬಂತು. ಇಂಥ ಬಟ್ಟೆಯ ಮೇಲೆ ಅಲಗು ಓಡಿದಂತೆಲ್ಲ ಅಲಗೇ ಮೊಂಡಾಗುತ್ತದೆ. ಮೊಂಡಾದ ಅಲಗು ಎಷ್ಟು ಸುತ್ತು ಓಡಿದರೇನು, ಕೊಯ್ಯುವುದಿಲ್ಲ. ಹಾಗಾಗಿ ಅಂಕಿ ಸುಮ್ಮನೆ ಏರಿತು. 5 ಎಂದು ಬರೆದ ಎರಡು ಗ್ಲೌಸುಗಳ ನಡುವೆ ನೆಲ ಮುಗಿಲಿನಷ್ಟು ಅಂತರ ಇರುವಂತಾಯಿತು. 2016ರಲ್ಲಿ ಇದನ್ನು ಸರಿಪಡಿಸಿದರು. ಅಲಗು ಮೊಂಡಾಗಿದ್ದು ಕಂಡರೆ ಹೊಸ ಪರೀಕ್ಷೆಯನ್ನೇ ಪ್ರಮಾಣವಾಗಿ ಹಿಡಿಯಬೇಕು. ಅದರಲ್ಲಿ ನೇರ ಅಲಗು, ಪ್ರತಿ ಎಳೆತಕ್ಕೂ ಹೊಸದು. 20 ಮಿಲಿಮೀಟರ್ ಜಾರುವಷ್ಟರಲ್ಲಿ ಬಟ್ಟೆ ಕೊಯ್ಯಲು ಎಷ್ಟು ಬಲ ಬೇಕು ಎಂದು ನೋಡುತ್ತಾರೆ. 2 ನ್ಯೂಟನ್, ಅಂದರೆ ಹೆಚ್ಚೂಕಡಿಮೆ 200 ಗ್ರಾಂ ಭಾರ ತಡೆದರೆ ಎ. 5ಕ್ಕೆ ಬಿ, 10ಕ್ಕೆ ಸಿ, 15ಕ್ಕೆ ಡಿ, 22ಕ್ಕೆ ಇ. 30 ನ್ಯೂಟನ್, ಅಂದರೆ ಮೂರು ಕಿಲೋ ಭಾರ ತಡೆದರೆ ಎಫ್.

ಅಂಗಡಿಗಳಲ್ಲಿ ಇಂದಿಗೂ ‘ಕಟ್ ಲೆವೆಲ್ 5’ ಎಂದು ದೊಡ್ಡದಾಗಿ ಬರೆದ ಪಾಕೀಟುಗಳು ಸಿಗುತ್ತವೆ. ಅದು ಹಳೆಯ ಅಳತೆಯ ಮಾತಾಗಿರಬಹುದು. ಅಮೆರಿಕದ ಅಳತೆ ಬೇರೆಯೇ. ಅಲ್ಲಿ 2016ರಿಂದ ಎ1ರಿಂದ ಎ9ರವರೆಗೆ ಒಂಬತ್ತು ಮೆಟ್ಟಿಲು, 200 ಗ್ರಾಂನಿಂದ 6,000 ಗ್ರಾಂವರೆಗೆ. ಅಮೆರಿಕದ ಎ5 ಸುಮಾರಾಗಿ ಯುರೋಪಿನ ಇ ಮಟ್ಟದ್ದು. ಯುರೋಪಿನ ಬರೀ ಎ ಎಂದರೆ ಎಲ್ಲಕ್ಕಿಂತ ಕೆಳಗಿನದು. ‘ಎ ಇದೆ, ಫಸ್ಟ್ ಕ್ಲಾಸ್’ ಎಂದು ಕೊಂಡು ತಂದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ತಪ್ಪಿಲ್ಲ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಎ ಮೊದಲು ಎಂದೇ. ತಿಳಿಸಿ ಹೇಳಬೇಕಾದವರು ಕನ್ನಡದಲ್ಲಿ ಒಂದು ಚೀಟಿಯನ್ನೂ ಪಾಕೀಟಿನಲ್ಲಿ ಇಡಲಿಲ್ಲ ಎಂಬುದೇ ನನ್ನ ಸಂಕಟ.

ಅಕ್ಷರ ಓದಲು ಕಲಿತ ಮೇಲೂ ಅದು ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯಬೇಕು. ಪರೀಕ್ಷೆಗೆ ತುಂಡು ಕತ್ತರಿಸುವುದು ಅಂಗೈ ಭಾಗದಿಂದ, ಹೊಸ ಗ್ಲೌಸಿನಿಂದ. ಹಿಂಗೈಯ ಬಟ್ಟೆ ತೆಳುವಾಗಿದ್ದರೆ ಅಲ್ಲಿ ಆ ಅಕ್ಷರಕ್ಕೆ ಬೆಲೆಯಿಲ್ಲ. ಕಡಲೆಯ ಹುಳಿಗೆ ಎಫ್ ಮಟ್ಟದ ಹೆಣಿಗೆಯೂ ಅಡ್ಡಿಯಲ್ಲ, ನೀರಿನಂತೆ ಒಳಗಿಳಿಯುತ್ತದೆ. ಅದಕ್ಕೆ ಬೇಕಾದದ್ದು ಅಂಗೈಗೆ ರಬ್ಬರ್ ಲೇಪ. ಮರ ಕೊಯ್ಯುವ ಚೈನ್ ಗರಗಸಕ್ಕೂ ಈ ಅಕ್ಷರ ಸಲ್ಲದು. ಅದರ ಉಡುಪಿಗೆ ಬೇರೆ ವರ್ಗಗಳಿವೆ, ಸರಪಳಿ ಓಡುವ ವೇಗದ ಮೇಲೆ. ಒಂದನೇ ವರ್ಗಕ್ಕೆ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್. ಆ ಉಡುಪಿನ ಪ್ಯಾಂಟಿನೊಳಗಿನ ಎಳೆಗಳು ಬಿಚ್ಚಿಕೊಂಡು ಸರಪಳಿಗೆ ಸುತ್ತಿ ಯಂತ್ರವನ್ನೇ ನಿಲ್ಲಿಸುತ್ತವೆ.

ಇನ್ನು ರಾಶಿ ಮಷೀನು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇಲ್ಲಿ ಒಳ್ಳೆಯ ಗ್ಲೌಸೇ ಕೈಗೆ ಕುತ್ತು. ತಿರುಗುವ ಡ್ರಮ್ಮಿಗೋ ಬೆಲ್ಟಿಗೋ ಹಳೆಯ ಅರಿವೆ ಸಿಕ್ಕರೆ ಹರಿದುಹೋಗಿ ಕೈ ಉಳಿದೀತು. ಕೊಯ್ಯಲಾಗದ, ಹರಿಯಲಾಗದ ನೂಲು ಸಿಕ್ಕರೆ ಬೆರಳನ್ನೂ ಮುಂಗೈಯನ್ನೂ ಒಳಗೆಳೆದುಕೊಳ್ಳುತ್ತದೆ. ಅಂಥ ಗ್ಲೌಸನ್ನು ಸಿಕ್ಕಿಹಾಕಿಕೊಳ್ಳುವ ಅಪಾಯವಿರುವ ಯಂತ್ರದ ಬಳಿ ತೊಡಬಾರದೆಂದು ತಯಾರಕರ ಹಾಳೆಯಲ್ಲೇ ಎಚ್ಚರಿಕೆ ಇರುತ್ತದೆ. ಆ ಹಾಳೆ ನಮ್ಮ ಕಣದವರೆಗೆ ಬರುವುದೇ ಇಲ್ಲ. ಒಕ್ಕಣೆ ಯಂತ್ರದಲ್ಲಿ ಕೈ ಕಳೆದುಕೊಳ್ಳುವುದು ದೇಶಕ್ಕೆಲ್ಲ ತಿಳಿದ ಸಂಗತಿಯಾದ್ದರಿಂದಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಭಾರತೀಯ ಮಾನಕದ ಪ್ರಕಾರ ತೆನೆ ಉಣಿಸುವ ಜಾರುದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು, ಅದರಲ್ಲಿ 45 ಸೆಂಟಿಮೀಟರ್ ಮೇಲಿಂದ ಮುಚ್ಚಿರಬೇಕು. ಡ್ರಮ್ಮಿನವರೆಗೆ ತೋಳು ಚಾಚಲು ಆಗಬಾರದು ಎಂಬ ಲೆಕ್ಕ ಅದು. ಕಾಯ್ದೆಗೆ ನಲವತ್ತು ವರ್ಷ ದಾಟಿದೆ. ಬೇಗ ಮುಗಿಯಲೆಂದು ಆ ಮುಚ್ಚಳವನ್ನು ಬಿಚ್ಚಿಟ್ಟು ರಾಶಿ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥ ಕಣದಲ್ಲಿ ಎಫ್ ಗ್ಲೌಸ್ ಹಂಚಿದರೆ ಉಪಕಾರವಾಗುವುದಿಲ್ಲ. ಮೊದಲು ಮುಚ್ಚಳ ಮರಳಿ ಬರಬೇಕು.

ಗ್ಲೌಸ್ ಯಾರು ಕೊಡಿಸಬೇಕು ಎಂಬ ಪ್ರಶ್ನೆಯೂ ಅಲ್ಲೇ ಉಳಿದಿದೆ. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಇರುವ ಕಡೆ ಹತ್ತು ಕೆಲಸಗಾರರಿದ್ದರೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕಾರ್ಖಾನೆ ಎನಿಸಲು ಇಪ್ಪತ್ತು ಜನ ಬೇಕು. ಮನೆಯ ಪಡಸಾಲೆಯಲ್ಲಿ ನಾಲ್ಕು ಮಗ್ಗ ಇಟ್ಟವರು ಅಂದೂ ಹೊರಗಿದ್ದರು, ಇಂದೂ ಹೊರಗೇ. ನಮ್ಮೂರ ಕಡೆಯಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದ ಹುಡುಗರು ಕಟಿಂಗ್ ವಿಭಾಗದಲ್ಲಿ ಎಡಗೈಗೆ ಉಕ್ಕಿನ ಬಳೆಗಳ ಗ್ಲೌಸ್ ತೊಡುತ್ತಾರೆ, ಏಕೆಂದರೆ ವಿದೇಶಿ ಖರೀದಿದಾರರ ತಪಾಸಕರು ಬಂದು ನೋಡುತ್ತಾರೆ. ಅದೇ ಹುಡುಗರು ರಜೆಗೆ ಬಂದು ಹೊಲಕ್ಕಿಳಿದರೆ ಬರಿಗೈ.

ಬೆರಳು ಹೋದ ಮೇಲೆ ಮಾತ್ರ ಕಾನೂನು ಬಹಳ ನಿಖರ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ತೋರುಬೆರಳು ಇಡಿಯಾಗಿ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳಿಗೂ ಕಿರುಬೆರಳಿಗೂ 7 ಎಂದಿತ್ತು. ಕಳೆದುಕೊಂಡದ್ದಕ್ಕೆ ಇಷ್ಟು ಸೂಕ್ಷ್ಮ ಲೆಕ್ಕ ಎಂದೋ ಸಿದ್ಧವಾಗಿತ್ತು. ಉಳಿಸಿಕೊಳ್ಳುವ ಲೆಕ್ಕ, ಆ ನಾಲ್ಕು ಅಂಕಿ ಒಂದು ಅಕ್ಷರ, ಇನ್ನೂ ನಮ್ಮ ಭಾಷೆಗೆ ಇಳಿದಿಲ್ಲ.

ಈ ಲೆಕ್ಕ ಹಾಕುತ್ತಿರುವಾಗಲೇ ಉಳ್ಳಾಗಡ್ಡಿ ಹೆಚ್ಚುವಲ್ಲಿಗೆ ಹೋಗಿದ್ದೆ. ಹತ್ತಾರು ಹೆಣ್ಣುಮಕ್ಕಳು ಸಾಲಾಗಿ ಕುಳಿತಿದ್ದರು. ಕುಡುಗೋಲನ್ನು ಪಾದದ ಕೆಳಗೆ ಅಲಗು ಮೇಲಾಗಿ ಒತ್ತಿ ಹಿಡಿದು, ಗಡ್ಡೆಯನ್ನು ಅಲಗಿಗೆ ತಂದು ಎಲೆ ಒಂದೇಟಿಗೆ, ಬೇರು ಇನ್ನೊಂದೇಟಿಗೆ. ಅಲಗಿಗೂ ಬೆರಳಿಗೂ ನಡುವೆ ಒಂದು ಗೋಧಿ ಕಾಳಿನಷ್ಟು ಜಾಗ. ಇಲ್ಲಿ ತಿರುಗುವ ಯಂತ್ರವಿಲ್ಲ, ಇರುವುದು ಜಾರುವ ಅಲಗು. ಆ ಕೊನೆಯ ಅಕ್ಷರ ನಿಜಕ್ಕೂ ಕೆಲಸಕ್ಕೆ ಬರುವುದು ಇಂಥಲ್ಲೇ, ಬಿ ಅಥವಾ ಸಿ ಸಾಕು. ಹಿರಿಯ ಹೆಣ್ಣುಮಗಳೊಬ್ಬರ ಮುಂದೆ ಒಂದು ಜೊತೆ ಗ್ಲೌಸ್ ಬಿದ್ದಿತ್ತು, ಯಾರೋ ಕೊಟ್ಟದ್ದು. ಯಾಕೆ ಹಾಕಿಕೊಂಡಿಲ್ಲ ಎಂದು ಕೇಳಿದೆ. ‘ಗಡ್ಡಿ ಕೈಗೆ ತಿಳಿಯಂಗಿಲ್ರೀ, ಬಟ್ಟು ಮುಂದ ಖಾಲಿ ಉಳೀತೈತಿ’ ಎಂದರು. ಬೆರಳಿನ ಚುರುಕನ್ನೂ ಅಳೆಯುವ ಪರೀಕ್ಷೆ ಇದೆ. ಗ್ಲೌಸ್ ತೊಟ್ಟು 5 ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿಯನ್ನು 30 ಸೆಕೆಂಡಿನಲ್ಲಿ ಮೂರು ಸಲ ಎತ್ತಿದರೆ ಅದಕ್ಕೆ 5ನೇ ಮಟ್ಟ. ಆದರೆ ಅಳತೆಯ ಗ್ಲೌಸ್ ಇದ್ದರೆ ತಾನೇ?

ದರ್ಜಿಯ ಟೇಪು ತರಿಸಿ ಅವರ ಅಂಗೈ ಸುತ್ತಳತೆ ತೆಗೆದೆ. ಹದಿನೇಳೂವರೆ ಸೆಂಟಿಮೀಟರ್. ಮಾನದಂಡದ ಪಟ್ಟಿಯಲ್ಲಿ ಅದು 7ನೇ ಸೈಜು. ಸಾಲಿನಲ್ಲಿದ್ದ ಉಳಿದವರೂ ಕೈ ಚಾಚಿದರು, ಹೆಚ್ಚಿನವರದು 7, ಒಬ್ಬಿಬ್ಬರದು 6. ಅಲ್ಲಿ ಬಿದ್ದಿದ್ದ ಗ್ಲೌಸನ್ನು ತಿರುವಿ ನೋಡಿದೆ. ಮಣಿಕಟ್ಟಿನ ಪಟ್ಟಿಯ ಮೇಲೆ 10 ಎಂದು ಹೊಲಿದಿತ್ತು.