ಹಂಚ್ಕೊಳ್ಳಿ, ಆದ್ರೆ ಹೆಸರು ಕತ್ತರಿಸಬೇಡಿ

(1/7)
ಸ್ವಲ್ಪ ಉದ್ದದ ಸರಣಿ ಇದು. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಹೋದ ಸೆಮಿಸ್ಟರ್ ಕಾರ್ಪೊರೇಟ್ ಅಕೌಂಟಿಂಗ್ ಪರೀಕ್ಷೆಗೆ ಮೂರು ದಿನ ಇದ್ದಾಗ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಪಿಡಿಎಫ್ ಬಂತು, ನೆನಪಿದೆಯಾ? 84 ಪುಟ, ಎಲ್ಲಾ ಕೈಬರಹ. ನೀಲಿ ಪೆನ್ನಲ್ಲಿ ಲೆಕ್ಕ, ಕೆಂಪು ಪೆನ್ನಲ್ಲಿ ವರ್ಕಿಂಗ್ ನೋಟ್. ನಮ್ಮಲ್ಲಿ ಅರ್ಧ ಜನ ಪಾಸಾಗಿದ್ದೇ ಅದರಿಂದ. ಬರೆದವಳು ನಮ್ಮ ಕ್ಲಾಸಿನ ಮೂರನೇ ಬೆಂಚಿನ ಹುಡುಗಿ. ಅವಳು ಅದನ್ನ ಕಳಿಸಿದ್ದು ನಾಲ್ಕೇ ಜನಕ್ಕೆ. ಆ ನಾಲ್ವರಲ್ಲಿ ನಾನೊಬ್ಬ. ಕೇಳದೆ ಗ್ರೂಪಿಗೆ ಹಾಕಿದ್ದೂ ನಾನೇ.

ಈಗ ಅದೇ ನೋಟ್ಸ್ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಸಮೇತ 120 ರೂಪಾಯಿಗೆ ಸಿಗ್ತಿದೆ. ಮೊದಲ ಪುಟದಲ್ಲಿ ಅವಳ ಹೆಸರಿದ್ದ ಜಾಗದಲ್ಲಿ ಬಿಳಿ ಪಟ್ಟಿ. ಜೂನಿಯರ್ಸ್ ಅದನ್ನ ಹಿಡ್ಕೊಂಡು ಅವಳ ಪಕ್ಕದಲ್ಲೇ ಓಡಾಡ್ತಾರೆ, ಬರೆದವಳು ಇವಳೇ ಅಂತ ಯಾರಿಗೂ ಗೊತ್ತಿಲ್ಲ. ಅವಳು ನನ್ನ ಮೇಲೆ ಕೂಗಾಡಲಿಲ್ಲ. "ಪರವಾಗಿಲ್ಲ ಬಿಡೋ" ಅಂದ್ಲು. ಈ ಸೆಮಿಸ್ಟರ್ ಮಾತ್ರ ಯಾರಿಗೂ ನೋಟ್ಸ್ ಕೊಡ್ತಿಲ್ಲ.

ಇದರ ಬಗ್ಗೆ ಗ್ರೂಪಲ್ಲಿ ಜಗಳ ಆಯ್ತು. ಒಂದು ಪಾರ್ಟಿ: "ಓದೋ ವಿಷಯ ಎಲ್ಲರಿಗೂ ಫ್ರೀ ಇರ್ಬೇಕು ಗುರೂ." ಇನ್ನೊಂದು ಪಾರ್ಟಿ: "ಅವಳ ಶ್ರಮ, ಅವಳು ದುಡ್ಡಿಗೆ ಮಾರ್ಕೊಳ್ಳಲಿ." ಇದೇ ಜಗಳ 50 ವರ್ಷದ ಹಿಂದೆ ಅಮೆರಿಕದ ಒಂದು ಕಂಪ್ಯೂಟರ್ ಹವ್ಯಾಸಿಗಳ ಕ್ಲಬ್ಬಲ್ಲೂ ಆಗಿತ್ತು. ಅವರ ಕಥೆ ಓದಿದ ಮೇಲೆ ನಂಗೆ ಈ ಎರಡೂ ಉತ್ತರ ಅರ್ಧಂಬರ್ಧ ಅನ್ನಿಸ್ತಿದೆ.

(2/7)
1975, ಮಾರ್ಚ್ 5. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಅನ್ನೋ ಊರು. ಹೊರಗೆ ಮಳೆ. ಗಾರ್ಡನ್ ಫ್ರೆಂಚ್ ಅನ್ನೋ ಎಂಜಿನಿಯರ್ ಮನೆಯ ಗ್ಯಾರೇಜಲ್ಲಿ 32 ಜನ ಸೇರಿದ್ರು. ಎಲ್ಲರಿಗೂ ಒಂದೇ ಹುಚ್ಚು: ಸ್ವಂತ ಕಂಪ್ಯೂಟರ್ ಬೇಕು. ಆಗ ಕಂಪ್ಯೂಟರ್ ಅಂದ್ರೆ ಬ್ಯಾಂಕು, ಮಿಲಿಟರಿ, ಯೂನಿವರ್ಸಿಟಿ ಇಟ್ಕೊಳ್ಳೋ ವಸ್ತು. ಮನೆಗೆ ಒಂದು ಬೇಕು ಅನ್ನೋದು ಮನೆಗೊಂದು ವಿಮಾನ ಬೇಕು ಅಂದ ಹಾಗೆ.

ಅಷ್ಟು ಜನ ಸೇರೋಕೆ ಕಾರಣ ಆಲ್ಟೇರ್ 8800 ಅನ್ನೋ ಡಬ್ಬಿ. ಮಿಟ್ಸ್ ಅನ್ನೋ ಚಿಕ್ಕ ಕಂಪನಿ ಅದರ ಕಿಟ್ ಅನ್ನ 397 ಡಾಲರಿಗೆ ಮಾರ್ತಿತ್ತು. ಬಿಡಿಭಾಗ ಕಳಿಸ್ತಾರೆ, ಬೆಸುಗೆ ಹಾಕಿ ಜೋಡಿಸೋದು ನಾವೇ. ಮೆಮೊರಿ 256 ಬೈಟ್. ಹೌದು, ಬರೀ ಬೈಟ್! ಕೀಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ. ಮುಂದೆ ಒಂದಷ್ಟು ಸ್ವಿಚ್ಚು, ಒಂದಷ್ಟು ಕೆಂಪು ದೀಪ.

ಫ್ರೆಂಚ್ ಜೊತೆ ಈ ಸಭೆ ಕರೆದವನು ಫ್ರೆಡ್ ಮೂರ್. ಈ ಹೆಸರು ನೆನಪಿಟ್ಕೊಳ್ಳಿ. ಈತ ಎಂಜಿನಿಯರ್ ಅಲ್ಲ, ಬಿಸಿನೆಸ್‌ಮನ್ ಅಂತೂ ಅಲ್ವೇ ಅಲ್ಲ. 1959ರಲ್ಲಿ ಬರ್ಕ್‌ಲಿಯಲ್ಲಿ ಓದುವಾಗ, ನಮ್ಮ ಎನ್‌ಸಿಸಿ ಥರದ ಮಿಲಿಟರಿ ತರಬೇತಿ ಅಲ್ಲಿ ಕಡ್ಡಾಯ ಇತ್ತು. ಅದನ್ನ ವಿರೋಧಿಸಿ ಮೆಟ್ಟಿಲ ಮೇಲೆ ಉಪವಾಸ ಕೂತವನು. ಅಪ್ಪ ವಾಯುಪಡೆಯ ಅಧಿಕಾರಿ, ಮಗ ಸತ್ಯಾಗ್ರಹಿ! ಮುಂದೆ ಸೇನೆಗೆ ಸೇರಲ್ಲ ಅಂತ ಜೈಲಿಗೂ ಹೋಗಿ ಬಂದ.

1971ರಲ್ಲಿ ಇನ್ನೊಂದು ತಮಾಷೆ ನಡೀತು. ಒಂದು ಪ್ರಸಿದ್ಧ ಪತ್ರಿಕೆ ನಿಲ್ಲೋವಾಗ ಪಾರ್ಟಿ ಕೊಟ್ಟು, ಬಂದವರ ಮುಂದೆ 20,000 ಡಾಲರ್ ನಗದು ಇಟ್ಟು "ಏನ್ ಮಾಡೋದು ಹೇಳಿ" ಅಂತು. ರಾತ್ರಿಯೆಲ್ಲಾ ವಾದ. ದುಡ್ಡಿಗಿಂತ ಜನರ ನಡುವಿನ ಸಂಬಂಧ ದೊಡ್ಡದು ಅಂತ ಹಟ ಹಿಡಿದಿದ್ದ ಫ್ರೆಡ್ ಮೂರ್ ಕೈಗೇ ಬೆಳಗಾಗುವಷ್ಟರಲ್ಲಿ ಉಳಿದ ಸುಮಾರು 15,000 ಡಾಲರ್ ಬಂತು. ದುಡ್ಡು ಕಂಡ್ರೆ ಆಗದವನಿಗೇ ದುಡ್ಡಿನ ಜವಾಬ್ದಾರಿ.

ಇಂಥವನು ಶುರು ಮಾಡಿದ್ದೇ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್.

(3/7)
ಕ್ಲಬ್ ಬೆಳೀತಾ ಗ್ಯಾರೇಜ್ ಸಾಲದಾಯ್ತು. ಆಮೇಲೆ ಸ್ಟ್ಯಾನ್‌ಫರ್ಡ್‌ನ ಒಂದು ಭೌತಶಾಸ್ತ್ರ ಸಂಶೋಧನಾ ಕೇಂದ್ರದ ಸಭಾಂಗಣದಲ್ಲಿ ಎರಡು ವಾರಕ್ಕೊಮ್ಮೆ ಸೇರ್ತಿದ್ರು. ಸಭೆ ನಡೆಸ್ತಿದ್ದವನು ಲೀ ಫೆಲ್ಸೆನ್‌ಸ್ಟೀನ್. ಕೈಯಲ್ಲಿ ಉದ್ದನೆ ಕೋಲು ಹಿಡ್ಕೊಂಡು ಮೇಷ್ಟ್ರ ಥರ ನಿಲ್ತಿದ್ದ.

ಸಭೆ ಎರಡು ಭಾಗ. ಮೊದಲು "ಮ್ಯಾಪಿಂಗ್": ಒಬ್ಬೊಬ್ಬರೇ ಎದ್ದು ನನ್ನ ಹತ್ರ ಇದಿದೆ, ನಂಗೆ ಇದು ಬೇಕು, ನಾನು ಇದನ್ನ ಮಾಡ್ತಿದೀನಿ ಅಂತ ಹೇಳೋದು. ಆಮೇಲೆ "ರ‍್ಯಾಂಡಮ್ ಆ್ಯಕ್ಸೆಸ್": ಎಲ್ಲರೂ ಎದ್ದು, ತಮಗೆ ಬೇಕಾದವರನ್ನ ಹುಡುಕ್ಕೊಂಡು ಹೋಗೋದು. ಚಿಪ್ಪು, ಸರ್ಕ್ಯೂಟ್ ನಕ್ಷೆ, ಸುದ್ದಿ, ಎಲ್ಲಾ ಕೈ ಬದಲಾಗ್ತಿತ್ತು. ಇಷ್ಟೇ ವ್ಯವಸ್ಥೆ. ನಮ್ಮ ಕಾಲೇಜಿನ ಯಾವ ಫೆಸ್ಟ್ ಕಮಿಟಿಗಿಂತಲೂ ಸರಳ, ಅಲ್ವಾ?

ಸ್ಟೀವ್ ಡಾಂಪಿಯರ್ ಅಂತ ಒಬ್ಬ ಸದಸ್ಯ ಇದ್ದ. ಒಂದು ಸಭೆಗೆ ತನ್ನ ಆಲ್ಟೇರ್ ತಂದು, ಸ್ವಿಚ್ ಒಂದೊಂದಾಗಿ ಒತ್ತಿ ಪ್ರೋಗ್ರಾಂ ತುಂಬಿಸಿದ. ಅಷ್ಟರಲ್ಲಿ ಯಾರೋ ವೈರ್ ಎಡವಿ ಕರೆಂಟ್ ಹೋಯ್ತು, ಎಲ್ಲಾ ಅಳಿಸಿಹೋಯ್ತು. ಮತ್ತೆ ಮೊದಲಿಂದ ಒತ್ತಿದ. ಕೊನೆಗೆ ಪಕ್ಕದಲ್ಲಿಟ್ಟ ಸಾಮಾನ್ಯ ರೇಡಿಯೋದಿಂದ ಬೀಟಲ್ಸ್ ಹಾಡು ಕೇಳಿಸ್ತು! ಕಂಪ್ಯೂಟರಿನಿಂದ ಹೊರಡೋ ತರಂಗ ರೇಡಿಯೋದಲ್ಲಿ ಗುಂಯ್ ಅನ್ನುತ್ತೆ. ಆ ಗುಂಯ್ ಶಬ್ದವನ್ನೇ ಆತ ಸ್ವರ ಮಾಡಿದ್ದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಇದರಿಂದ ಲಾಭ ಎಷ್ಟು ಅಂತ ಯಾರೂ ಕೇಳಲಿಲ್ಲ.

ಸಭೆಯಲ್ಲಿ ಬಾಯೇ ಬಿಡದ ಒಬ್ಬ ನಾಚಿಕೆ ಸ್ವಭಾವದವನೂ ಇದ್ದ. ಎಚ್‌ಪಿ ಕಂಪನಿಯಲ್ಲಿ ಕೆಲಸ, ವಯಸ್ಸು 24. ಮೊದಲ ಸಭೆಯಲ್ಲಿ ಸಿಕ್ಕ ಒಂದು ಚಿಪ್ಪಿನ ಮಾಹಿತಿ ಹಾಳೆಯನ್ನ ಮನೆಗೆ ಒಯ್ದು ಓದಿದ. ಮುಂದೆ ತಾನೇ ಒಂದು ಕಂಪ್ಯೂಟರ್ ಡಿಸೈನ್ ಮಾಡಿ, ನಕ್ಷೆಯನ್ನ ಕ್ಲಬ್ಬಲ್ಲಿ ಪುಕ್ಕಟೆ ಹಂಚಿದ. ಆತ ಸ್ಟೀವ್ ವೋಜ್ನಿಯಾಕ್. ಆ ಕಂಪ್ಯೂಟರೇ ಆಪಲ್ 1.

(4/7)
ಈಗ ಜಗಳಕ್ಕೆ ಬರೋಣ.

ಆಲ್ಟೇರಿಗೆ ಬೇಸಿಕ್ ಭಾಷೆ ಬರೆದುಕೊಟ್ಟವರು ಬಿಲ್ ಗೇಟ್ಸ್, ಪಾಲ್ ಅಲೆನ್ ಮತ್ತು ಅವರು ಕೆಲಸಕ್ಕೆ ಇಟ್ಕೊಂಡ ಮಾಂಟೆ ಡೇವಿಡಾಫ್. ಮಿಟ್ಸ್ ಕಂಪನಿಯ ಮೆಮೊರಿ ಬೋರ್ಡ್ ಜೊತೆ ತಗೊಂಡ್ರೆ ಬೇಸಿಕ್ ಅಗ್ಗ. ಬರೀ ಬೇಸಿಕ್ ಬೇಕಂದ್ರೆ 500 ಡಾಲರ್, ಅಂದ್ರೆ ಕಂಪ್ಯೂಟರ್ ಕಿಟ್‌ಗಿಂತ ಜಾಸ್ತಿ. ಆ ಬೋರ್ಡೋ, ಸರಿಯಾಗಿ ಕೆಲಸ ಮಾಡಲ್ಲ ಅಂತ ಹೆಸರು ಕೆಡಿಸ್ಕೊಂಡಿತ್ತು.

1975ರಲ್ಲಿ ಪಾಲೋ ಆಲ್ಟೋದ ಒಂದು ಹೋಟೆಲಲ್ಲಿ ಮಿಟ್ಸ್ ಪ್ರದರ್ಶನ ಇಟ್ಟಿತ್ತು. ಅಲ್ಲಿಂದ ಬೇಸಿಕ್ ಇದ್ದ ಪೇಪರ್ ಟೇಪ್ ಒಂದು ಯಾರದೋ ಕೈ ಸೇರಿ, ಕ್ಲಬ್ಬಿನ ಡ್ಯಾನ್ ಸೋಕೋಲ್ ಹತ್ರ ಬಂತು. ಮುಂದಿನ ಸಭೆಗೆ ಆತ ಒಂದು ಪೆಟ್ಟಿಗೆ ತುಂಬ ಕಾಪಿ ತಂದ. ಒಂದೇ ಷರತ್ತು: ಒಂದು ತಗೊಂಡವರು ಮುಂದಿನ ಸಲ ಎರಡು ಕಾಪಿ ತರಬೇಕು. ವಾಟ್ಸ್ಆ್ಯಪ್ ಫಾರ್ವರ್ಡಿನ ತಾತ ಇದು.

1976ರ ಫೆಬ್ರವರಿ 3ರ ತಾರೀಕು ಹಾಕಿ ಗೇಟ್ಸ್ ಒಂದು ಬಹಿರಂಗ ಪತ್ರ ಬರೆದ. ಕ್ಲಬ್ಬಿನ ಪತ್ರಿಕೆಯಲ್ಲೂ ಅದು ಅಚ್ಚಾಯ್ತು. ಸಾರಾಂಶ ಇಷ್ಟು: ನಾವು ಬಳಸಿದ ಕಂಪ್ಯೂಟರ್ ಸಮಯದ ಬೆಲೆಯೇ 40,000 ಡಾಲರಿಗಿಂತ ಹೆಚ್ಚು. ಆಲ್ಟೇರ್ ಇರೋವ್ರಲ್ಲಿ ಬೇಸಿಕ್ ಕೊಂಡವರು 10%ಗಿಂತ ಕಡಿಮೆ. ಬಂದ ರಾಯಲ್ಟಿ ಲೆಕ್ಕ ಹಾಕಿದ್ರೆ ನಮ್ಮ ಕೂಲಿ ಗಂಟೆಗೆ 2 ಡಾಲರೂ ಬೀಳಲ್ಲ. ನಿಮ್ಮಲ್ಲಿ ಹೆಚ್ಚಿನವರು ಕದೀತಿದ್ದೀರಿ.

ಆ ಪತ್ರ ಬರೆದಾಗ ಗೇಟ್ಸ್ ವಯಸ್ಸು 20. ಈಗ ನನ್ನ ವಯಸ್ಸೂ ಅಷ್ಟೇ. ನಾನಿನ್ನೂ ಕ್ಲಾಸ್ ಗ್ರೂಪಲ್ಲಿ "ಯಾರಾದ್ರೂ ಅಸೈನ್‌ಮೆಂಟ್ ಕಳ್ಸ್ರೋ" ಅಂತ ಮೆಸೇಜ್ ಹಾಕ್ತಿದೀನಿ, ಅದು ಬೇರೆ ವಿಷಯ.

(5/7)
ಯಾರು ಸರಿ?

ಮೊದಲು ನಾನು ಪೂರ್ತಿ ಕ್ಲಬ್ ಕಡೆ ಇದ್ದೆ. ಈಗ ಇಲ್ಲ. ಗೇಟ್ಸ್ ಹೇಳಿದ್ದರಲ್ಲಿ ಒಂದು ನಿಜ ಇದೆ: ಕಾಪಿ ಮಾಡೋಕೆ ಖರ್ಚಿಲ್ಲ ಅಂದ ಮಾತ್ರಕ್ಕೆ ಮೊದಲ ಪ್ರತಿ ಪುಕ್ಕಟೆ ಹುಟ್ಟಲ್ಲ. ಕಾಸ್ಟ್ ಅಕೌಂಟಿಂಗ್ ಓದಿದ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ 84 ಪುಟ ಬರೆಯೋಕೆ ಅವಳು ಎಷ್ಟು ರಾತ್ರಿ ಎದ್ದಿದ್ದಳು ಅಂತ ನಾನು ಕೇಳೇ ಇರಲಿಲ್ಲ.

ಇನ್ನೊಂದು ವಿಷಯವೂ ಆ ಪತ್ರದಲ್ಲಿ ನಂಗಿಷ್ಟ. ಡೇವಿಡಾಫ್ ಹೆಸರನ್ನ ಗೇಟ್ಸ್ ಬಿಟ್ಟಿಲ್ಲ, ಬರೆದಿದ್ದಾನೆ. ಆದ್ರೆ ಬೇಸಿಕ್ ಭಾಷೆಯನ್ನೇ 1964ರಲ್ಲಿ ಹುಟ್ಟಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಹೆಸರು ಅದರಲ್ಲಿ ಇಲ್ಲ. ಕದ್ದಿರಿ ಅಂತ ಬೈದವನೂ ಇನ್ನೊಬ್ಬರು ಹಂಚಿದ್ದರ ಮೇಲೇ ನಿಂತಿದ್ದ.

ನಂಗೆ ತುಂಬಾ ಹಿಡಿಸಿದ್ದು ಟಾಮ್ ಪಿಟ್‌ಮನ್ ಅನ್ನೋ ಕ್ಲಬ್ ಸದಸ್ಯನ ಉತ್ತರ. ಆತ ವಾದ ಮಾಡಲಿಲ್ಲ. ತಾನೇ ಒಂದು ಚಿಕ್ಕ ಬೇಸಿಕ್ ಬರೆದು 5 ಡಾಲರಿಗೆ ಮಾರಿದ. ಬೆಲೆ ನ್ಯಾಯವಾಗಿದ್ರೆ ಜನ ಕೊಡ್ತಾರಾ, ನೋಡೇಬಿಡೋಣ ಅಂತ. ಕೊಟ್ರು! ಗೆಳೆಯರಿಂದ ಮೊದಲೇ ಕಾಪಿ ಮಾಡ್ಕೊಂಡಿದ್ದವರೂ ಆಮೇಲೆ 5 ಡಾಲರ್ ಅಂಚೆಯಲ್ಲಿ ಕಳಿಸಿದ್ರು.

ಅಂದ್ರೆ ಜನ ಕಳ್ಳರಲ್ಲ. ಯಾರಿಗೆ ಋಣ ಇದೆ ಅಂತ ಗೊತ್ತಿದ್ದು, ತೀರಿಸೋ ದಾರಿ ಸುಲಭ ಇದ್ರೆ ತೀರಿಸ್ತಾರೆ. ಹೆಸರು ಅಳಿಸಿಬಿಟ್ರೆ? ತೀರಿಸಬೇಕು ಅಂತ ಮನಸ್ಸಿದ್ದವನಿಗೂ ವಿಳಾಸ ಸಿಗಲ್ಲ. ಅದಕ್ಕೇ ಜೆರಾಕ್ಸ್ ಅಂಗಡಿಯ 120 ರೂಪಾಯಿಗಿಂತ ಆ ಬಿಳಿ ಪಟ್ಟಿ ನಂಗೆ ದೊಡ್ಡ ತಪ್ಪು ಅನ್ನಿಸೋದು.

(6/7)
ಆ ಜನ ಆಮೇಲೆ ಏನಾದ್ರು?

ವೋಜ್ನಿಯಾಕ್ ಕಥೆ ಗೊತ್ತೇ ಇದೆ. ಗೊತ್ತಿಲ್ಲದ ಒಂದು ಭಾಗ: 1980ರಲ್ಲಿ ಆಪಲ್ ಶೇರು ಮಾರುಕಟ್ಟೆಗೆ ಬರೋ ಮುಂಚೆ, ಮೊದಲಿಂದ ಜೊತೆಗಿದ್ದೂ ಶೇರು ಸಿಗದ ಕೆಲವರಿಗೆ ತನ್ನ ಪಾಲಿನಿಂದಲೇ ಕೊಟ್ಟ. ಇನ್ನೂ ಅನೇಕ ಕೆಲಸಗಾರರಿಗೆ ಅಗ್ಗಕ್ಕೆ ಮಾರಿದ.

ಆಡಮ್ ಆಸ್ಬೋರ್ನ್ ಕ್ಲಬ್ ಸಭೆಗೆ ರಟ್ಟಿನ ಡಬ್ಬದಲ್ಲಿ ಪುಸ್ತಕ ತಂದು ಮಾರ್ತಿದ್ದವನು. ಈತ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಅಪ್ಪ ರಮಣ ಮಹರ್ಷಿಗಳ ಭಕ್ತರು. 1981ರಲ್ಲಿ ಆತ ಹೊತ್ತೊಯ್ಯಬಹುದಾದ ಕಂಪ್ಯೂಟರ್ ತಂದ, ಬೆಲೆ 1,795 ಡಾಲರ್, ತೂಕ ಸುಮಾರು 11 ಕಿಲೋ. ಡಿಸೈನ್ ಮಾಡಿದ್ದು ಕೋಲು ಹಿಡ್ಕೊಂಡು ಸಭೆ ನಡೆಸ್ತಿದ್ದ ಫೆಲ್ಸೆನ್‌ಸ್ಟೀನ್. ಭರ್ಜರಿಯಾಗಿ ಮಾರಾಟ ಆಯ್ತು. 1983ರಲ್ಲಿ ಕಂಪನಿ ದಿವಾಳಿ. ಆಸ್ಬೋರ್ನ್ 2003ರಲ್ಲಿ ಕೊಡೈಕನಾಲ್‌ನಲ್ಲಿ ತೀರಿಕೊಂಡ.

ಕ್ಲಬ್ 1986ರ ಡಿಸೆಂಬರಲ್ಲಿ ಮುಚ್ಚಿತು. ಅಲ್ಲಿನ ಸದಸ್ಯರಿಂದ ಹುಟ್ಟಿದ ಕಂಪನಿಗಳು ಇಪ್ಪತ್ತಕ್ಕೂ ಹೆಚ್ಚು ಅಂತ ಲೆಕ್ಕ.

ಇನ್ನು ಫ್ರೆಡ್ ಮೂರ್? ಮೊದಲ ಪತ್ರಿಕೆ ತಯಾರಿಸಿದ್ದು, ಎಲ್ಲರ ಹೆಸರು ವಿಳಾಸ ಬರೆದಿಟ್ಟು ಒಬ್ಬರಿಗೊಬ್ಬರನ್ನ ಪರಿಚಯ ಮಾಡಿಸಿದ್ದು ಆತ. ಸ್ವಲ್ಪ ಕಾಲದಲ್ಲೇ ಕ್ಲಬ್ ಬಿಟ್ಟ. ಯಾವ ಕಂಪನಿಯನ್ನೂ ಕಟ್ಟಲಿಲ್ಲ, ಯುದ್ಧ ವಿರೋಧಿ ಕೆಲಸ ಬಿಡಲಿಲ್ಲ. 1997ರಲ್ಲಿ ಕಾರು ಅಪಘಾತದಲ್ಲಿ ಹೋಗ್ಬಿಟ್ಟ.

ಗುಡ್‌ವಿಲ್ ಚಾಪ್ಟರ್ ನೆನಪಿದೆಯಲ್ಲಾ? ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರ ಪ್ರಕಾರ, ವ್ಯವಹಾರದ ಒಳಗೇ ಬೆಳೆದ ಗುಡ್‌ವಿಲ್ ಅನ್ನ ಆಸ್ತಿ ಅಂತ ಪುಸ್ತಕಕ್ಕೆ ಹತ್ತಿಸೋ ಹಾಗಿಲ್ಲ. ದುಡ್ಡು ಕೊಟ್ಟು ಕೊಂಡಿದ್ರೆ ಮಾತ್ರ ಬ್ಯಾಲೆನ್ಸ್ ಶೀಟಲ್ಲಿ ಜಾಗ. ಅಕೌಂಟ್ಸ್ ಮಟ್ಟಿಗೆ ನಿಯಮ ಸರಿ, ಅಳೆಯೋಕೆ ಆಗಲ್ಲ ನೋಡಿ. ಆದ್ರೆ ಅಳೆಯೋಕೆ ಆಗದ್ದು ಇಲ್ಲವೇ ಇಲ್ಲ ಅಂತ ನಾವು ಬದುಕಿನಲ್ಲೂ ಅಂದ್ಕೊಂಡ್ಬಿಟ್ಟಿದ್ದೀವಿ. ಆಪಲ್ ಪುಸ್ತಕದ ಯಾವ ಕಾಲಮ್ಮಿನಲ್ಲೂ ಫ್ರೆಡ್ ಮೂರ್ ಇಲ್ಲ. ಆತ ಕರೆದ ಸಭೆಯಲ್ಲೇ ವೋಜ್ನಿಯಾಕ್‌ಗೆ ಆ ಹಾಳೆ ಸಿಕ್ಕಿದ್ದು.

(7/7)
ಹೋದ ವಾರ ಅವಳ ಹತ್ರ ಹೋಗಿ ಸರಿಯಾಗಿ ಸಾರಿ ಕೇಳ್ದೆ. "ಗ್ರೂಪಿಗೆ ಹಾಕಿದ್ದಕ್ಕೆ ಬೇಜಾರಿಲ್ಲ ಕಣೋ, ಕೇಳಿದ್ರೆ ನಾನೇ ಹಾಕ್ತಿದ್ದೆ. ಕೇಳ್ಲಿಲ್ಲ ನೋಡು, ಅದು" ಅಂದ್ಲು. ಜೆರಾಕ್ಸ್ ಅಂಗಡಿ ಅಣ್ಣನ ಹತ್ರಾನೂ ಹೋದೆ. "ಯಾರೋ ಪೆನ್‌ಡ್ರೈವಲ್ಲಿ ತಂದ್ಕೊಟ್ರಪ್ಪಾ, ನಂಗೇನ್ ಗೊತ್ತು?" ಅಂದ್ರು. ಹೆಸರಿರೋ ಮೊದಲ ಪುಟ ಕೊಟ್ಟು ಬಂದಿದೀನಿ, ಇನ್ಮೇಲೆ ಅದನ್ನೇ ಹಾಕ್ತೀನಿ ಅಂದಿದ್ದಾರೆ. ದುಡ್ಡಿನ ಮಾತು ಎತ್ತಿದ್ರೆ ಬೇರೆ ಕಡೆ ನೋಡಿದ್ರು. ಅಷ್ಟರ ಮಟ್ಟಿಗೆ ನಾನು ಸೋತೆ.

ಅವಳ ಹೆಸರು ಇಲ್ಲಿ ಯಾಕಿಲ್ಲ ಅಂತ ಕೇಳ್ತೀರಾ? ಅವಳೇ ಬೇಡ ಅಂದ್ಲು. "ಇನ್‌ಸ್ಟಾದಲ್ಲಿ ಬೇಡ, ನೋಟ್ಸ್ ಮೇಲೆ ಇರ್ಲಿ ಸಾಕು." ಈ ಸಲ ಕೇಳಿ ಬರೆದಿದೀನಿ.

ನನ್ನ ಮಾತು ಇಷ್ಟೇ. ಹಂಚೋದು ನಿಲ್ಲಿಸಬೇಡಿ. ಹಂಚದಿದ್ರೆ ಕೋಚಿಂಗ್‌ಗೆ ದುಡ್ಡಿಲ್ಲದ ನಮ್ಮಂಥವರು ಎಲ್ಲಿಗೆ ಹೋಗೋದು? ಆದ್ರೆ ಮೂರು ಕೆಲಸ ಮಾಡೋಣ. ಫಾರ್ವರ್ಡ್ ಮಾಡೋ ಮುಂಚೆ ಬರೆದವರನ್ನ ಒಂದು ಮಾತು ಕೇಳೋಣ. ಹೆಸರಿರೋ ಪುಟ ಮುಟ್ಟೋದು ಬೇಡ. ಮತ್ತೆ ಸೋಕೋಲ್ ಷರತ್ತನ್ನ ಸ್ವಲ್ಪ ಬದಲಾಯಿಸಿ ಇಟ್ಕೊಳ್ಳೋಣ: ಒಂದು ತಗೊಂಡ್ರೆ, ನೀವೇ ಬರೆದ ಒಂದು ವಾಪಸ್ ತನ್ನಿ. ಒಂದು ಚಾಪ್ಟರ್ ಆದ್ರೂ ಸರಿ.

ಶನಿವಾರ ಮಧ್ಯಾಹ್ನ ಕ್ಯಾಂಟೀನ್ ಹಿಂದಿನ ಕಟ್ಟೆ ಹತ್ರ ಇರ್ತೀನಿ. ಎದ್ದು ನಿಂತು ಹೇಳೋದು ಎರಡೇ ವಾಕ್ಯ: ನನ್ನ ಹತ್ರ ಇದಿದೆ, ನಂಗೆ ಇದು ಬೇಕು. ಶುರು ನಾನೇ ಮಾಡ್ತೀನಿ. ನನ್ನ ಹತ್ರ ಜಿಎಸ್‌ಟಿ ನೋಟ್ಸ್ ಇದೆ, ಅಕ್ಷರ ಮಾತ್ರ ಕಾಗೆ ಕಾಲು. ನಂಗೆ ಕಾಸ್ಟಿಂಗ್‌ನ ಪ್ರೊಸೆಸ್ ಅಕೌಂಟ್ ಯಾರಾದ್ರೂ ಹೇಳ್ಕೊಡಬೇಕು.

ನಿಮ್ಮನ್ನ ಪಾಸ್ ಮಾಡಿಸಿದ ನೋಟ್ಸ್ ಯಾರದ್ದು? ಅವರನ್ನ ಕೇಳಿ, ಒಪ್ಪಿದ್ರೆ ಕೆಳಗೆ ಟ್ಯಾಗ್ ಮಾಡಿ.

#ಬಿಕಾಂಬದುಕು #ಹೆಸರುಇರಲಿ #ಹೋಮ್‌ಬ್ರೂ