ಮೇಳ ಮುಗಿದ ಮೇಲೆ ಉಳಿದದ್ದೆಷ್ಟು?

"ನಮ್ಮ ಮಹಿಳಾ ಸಮಾಜದಿಂದ ಒಂದು ಒಳ್ಳೆ ಕೆಲಸಕ್ಕೆ ಹಣ ಕೂಡಿಸಬೇಕು, ಹೇಗೆ ಮಾಡೋದು?" ಎಂಬ ಮಾತು ಬಂತೆಂದರೆ ಸಭೆಯಲ್ಲಿ ಹತ್ತು ದನಿ ಒಟ್ಟಿಗೆ ಏಳುತ್ತವೆ: "ತಿಂಡಿ ಮೇಳ ಮಾಡೋಣ ಕಣ್ರೀ!" ಮಾಡೋಣ, ಸಂತೋಷ. ನಮ್ಮ ಹೆಂಗಸರ ಕೈರುಚಿಯ ಮೇಲೆ ಊರಿಗೇ ನಂಬಿಕೆಯಿದೆ. ಆದರೆ ಸೋದರಿಯರೇ, ಜನ ಜಾತ್ರೆಯಂತೆ ಸೇರಿದರೆಂದೋ, ಅಧ್ಯಕ್ಷರ ಭಾಷಣ ಚೆನ್ನಾಗಿತ್ತೆಂದೋ ಮೇಳ ಗೆದ್ದಂತಾಗುವುದಿಲ್ಲ. ಖರ್ಚು ಕಳೆದು ಉಳಿದದ್ದೆಷ್ಟು, ಅದು ಸೇರಬೇಕಾದ ಕಡೆ ಸೇರಿತೇ ಎಂಬುದೇ ಮುಖ್ಯ.

ಮೊದಲು ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಬಡವರ ಸಹಾಯಾರ್ಥ" ಎಂದರೆ ಯಾರಿಗೂ ಏನೂ ಕಣ್ಣಿಗೆ ಕಟ್ಟುವುದಿಲ್ಲ. "ಸರ್ಕಾರಿ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟ್ಯಾಂಕು, ಮೋಟಾರು" ಎಂದು ಬರೆದರೆ ಕೊಡುವವರ ಕೈ ತಾನಾಗಿಯೇ ಮುಂದೆ ಬರುತ್ತದೆ. ನೀರಿಲ್ಲದ ಶೌಚಾಲಯಕ್ಕೆ ಹೋಗಲಾರದೆ ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದೆ ಕೂರುವ ಹುಡುಗಿಯ ಕಷ್ಟ ಯಾವ ತಾಯಿಗೆ ತಿಳಿಯದು? ಮೊದಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಿರಿ. ಅಂಗಡಿಯಿಂದ ದರಪಟ್ಟಿ ತರಿಸಿಕೊಳ್ಳಿ.

ಈಗ ಲೆಕ್ಕಕ್ಕೆ ಕೂರೋಣ. ಟ್ಯಾಂಕು, ಮೋಟಾರು, ಪೈಪು, ಕೂಲಿ ಎಲ್ಲ ಸೇರಿ 30,000 ರೂಪಾಯಿ ಬೇಕೆನ್ನಿ. ಒಂದು ಪ್ಲೇಟು ತಿಂಡಿಗೆ ಸಾಮಾನಿನ ಖರ್ಚು 20 ರೂಪಾಯಿ, ಮಾರುವ ಬೆಲೆ 40. ಉಳಿಯುವುದು 20. ಅಂದರೆ 1,500 ಪ್ಲೇಟು ಮಾರಬೇಕು! ಶಾಮಿಯಾನ, ಮೈಕು, ಹಾರ-ತುರಾಯಿ ಎಂದು 8,000 ಖರ್ಚಿಟ್ಟರೆ 1,900 ಪ್ಲೇಟು. ಸಣ್ಣ ಊರಿನಲ್ಲಿ ಅಷ್ಟು ತಿನ್ನುವವರು ಎಲ್ಲಿಂದ ಬರಬೇಕು?

ಎದೆಗುಂದಬೇಡಿ, ದಾರಿಯಿದೆ. ಶಾಮಿಯಾನ ಬಿಟ್ಟು ಶಾಲೆಯ ಅಂಗಳವನ್ನೇ ಕೇಳಿಕೊಳ್ಳಿ. ಹಾರ ಬೇಡ, ಒಂದೊಂದು ಹೂವು ಸಾಕು. ಮೇಳಕ್ಕೆ ಮೊದಲೇ ಹತ್ತು ವರ್ತಕರಿಂದ ಸಾವಿರದಂತೆ ಪಡೆದರೆ 10,000 ಬಂತು. ಚಟ್ನಿಪುಡಿ, ಸಾರಿನಪುಡಿ, ಕೋಡುಬಳೆಗಳಿಗೆ ಹದಿನೈದು ದಿನ ಮೊದಲೇ ಮನೆಮನೆಯಿಂದ ಆರ್ಡರ್ ಹಿಡಿಯಿರಿ. 200 ಪೊಟ್ಟಣಕ್ಕೆ ತಲಾ 30 ರೂಪಾಯಿ ಉಳಿದರೂ 6,000. ಇನ್ನು ಬೇಕಾದದ್ದು 14,000, ಅಂದರೆ 700 ಪ್ಲೇಟು. ಇದು ನಮ್ಮ ಕೈಯಲ್ಲಾಗುವ ಮಾತು.

ಬೇಳೆ, ಬೆಲ್ಲ, ಎಣ್ಣೆಯನ್ನು ಸದಸ್ಯೆಯರೇ ಹಾಕಿಕೊಂಡರೆ ಉಳಿತಾಯ ಇನ್ನೂ ಹೆಚ್ಚು. ಆದರೆ ಎಲ್ಲರ ಮನೆಯ ಅನುಕೂಲ ಒಂದೇ ಅಲ್ಲ. "ನೀವೇನು ತರ್ತೀರಿ?" ಎಂದು ತುಂಬಿದ ಸಭೆಯಲ್ಲಿ ಕೇಳಬೇಡಿ. ತರಲಾಗದವರು ಬಾಣಲೆ ಮುಂದೆ ನಾಲ್ಕು ಗಂಟೆ ನಿಂತರೆ ಅದೂ ದಾನವೇ.

ದಿನ ನೋಡುವಾಗ ಪಂಚಾಂಗದ ಜೊತೆ ಸಂಬಳದ ದಿನವನ್ನೂ ನೋಡಿ. ತಿಂಗಳ ಮೊದಲ ಭಾನುವಾರ ಕೈ ಸ್ವಲ್ಪ ಸಡಿಲವಾಗಿರುತ್ತದೆ. ಮಕ್ಕಳ ಪರೀಕ್ಷೆಯ ಕಾಲ ಬೇಡ. ಮೈಕು ಇಡುವುದಾದರೆ ಅದಕ್ಕೆ ಲಿಖಿತ ಅನುಮತಿ ಬೇಕು. ಆಹಾರ ಮಾರಾಟಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ನಿಯಮವಿದೆ. ಆ ಅಧಿಕಾರಿಯನ್ನು ಮೊದಲೇ ವಿಚಾರಿಸಿ. ಬೇಸಿಗೆಯಲ್ಲಿ ಕಾಯಿಚಟ್ನಿ ಮಧ್ಯಾಹ್ನಕ್ಕೇ ಹಳಸುತ್ತದೆ. ಒಂದೇ ಸಲ ರುಬ್ಬಿಡದೆ ಆಗಾಗ ಸ್ವಲ್ಪ ಸ್ವಲ್ಪವೇ ರುಬ್ಬಿ.

"ಲಕ್ಕಿ ಡಿಪ್ ಇಟ್ಟರೆ ದುಡ್ಡು ಸುಲಭವಾಗಿ ಬರುತ್ತಲ್ಲ?" ಎನ್ನುವವರಿದ್ದಾರೆ. ದುಡ್ಡು ಪಡೆದು ಚೀಟಿ ಮಾರಿ, ಅದೃಷ್ಟದ ಮೇಲೆ ಬಹುಮಾನ ಕೊಟ್ಟರೆ ಅದು ಲಾಟರಿಯೇ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಾಗಿದೆ. ಅದರ ಬದಲು ಪ್ರವೇಶ ಶುಲ್ಕವಿಟ್ಟು ರಂಗೋಲಿ ಸ್ಪರ್ಧೆ ನಡೆಸಿ. ಜಾಣ್ಮೆಗೆ ಬಹುಮಾನ ಕೊಟ್ಟ ಹಾಗೂ ಆಯಿತು.

ಹಣ ಪಡೆಯುವ ಜಾಗ ಒಂದೇ ಇರಲಿ, ಅಲ್ಲಿ ಇಬ್ಬರು ಕೂರಲಿ. ಸಂಖ್ಯೆ ಹಾಕಿದ ಕೂಪನ್ ಕೊಟ್ಟು, ತಿಂಡಿಯ ಮೇಜಿನಲ್ಲಿ ಕೂಪನ್ ಮಾತ್ರ ಪಡೆಯಿರಿ. ಈಗ ಎಲ್ಲರೂ ಮೊಬೈಲಿನಲ್ಲೇ ಹಣ ಹಾಕುತ್ತಾರೆ. ಅಲ್ಲಿ ಅಂಟಿಸುವ ಕ್ಯೂಆರ್ ಕೋಡ್ ಸಮಾಜದ ಬ್ಯಾಂಕ್ ಖಾತೆಯದೇ ಆಗಿರಬೇಕು. ಕಾರ್ಯದರ್ಶಿಯವರ ಯಜಮಾನರ ಫೋನಿನದಲ್ಲ! ಅವರು ಎಷ್ಟೇ ಸಜ್ಜನರಾಗಿರಲಿ, ನಾಳೆ ಒಂದು ಮಾತು ಬಂದರೆ ಇಬ್ಬರಿಗೂ ನೋವು. ದೊಡ್ಡ ದಾನಿಗಳು ತೆರಿಗೆ ವಿನಾಯಿತಿಯ ರಶೀದಿ ಕೇಳಿದರೆ, ಆದಾಯ ತೆರಿಗೆ ಇಲಾಖೆಯ ಮಂಜೂರಾತಿ ನಿಮ್ಮ ಸಮಾಜಕ್ಕಿದ್ದರೆ ಮಾತ್ರ ಒಪ್ಪಿಕೊಳ್ಳಿ.

"ನಮ್ಮನಮ್ಮಲ್ಲೇ ಇಷ್ಟೆಲ್ಲ ಯಾಕ್ರೀ?" ಎನ್ನಬಹುದು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮ ಕಥೆಗಾರ್ತಿ ಕೊಡಗಿನ ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಹೆಣ್ಣೊಬ್ಬಳು ಮೈಮೇಲಿನ ಒಡವೆ ತೆಗೆದುಕೊಡುವುದು ಕಡಿಮೆ ಮಾತೇ? ಅದಕ್ಕೆ ಪಡೆಯುವವರ ಮೇಲೆ ಎಷ್ಟು ನಂಬಿಕೆಯಿರಬೇಕು! ಆ ನಂಬಿಕೆ ಗಾಂಧೀಜಿಗೆ ಸುಮ್ಮನೆ ದೊರೆತದ್ದಲ್ಲ. ದಕ್ಷಿಣ ಆಫ್ರಿಕದಲ್ಲಿ 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದಾಗಲೇ ಅವರು ಬಂದ ಹಣಕ್ಕೆಲ್ಲ ರಶೀದಿ ಕೊಡಿಸಿ, ಲೆಕ್ಕ ಅಚ್ಚುಕಟ್ಟಾಗಿ ಇರಿಸಿದ್ದರು. ಅದನ್ನು ತಮ್ಮ ಆತ್ಮಕಥೆಯಲ್ಲೂ ಬರೆದಿದ್ದಾರೆ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ, ಕೊಟ್ಟವರಿಗೆ ಸಲ್ಲಿಸುವ ಮರ್ಯಾದೆ.

ಮೇಳದ ಮಾರನೆಯ ದಿನವೇ ಹಣ ಬ್ಯಾಂಕಿಗೆ ಹೋಗಲಿ. ಟ್ಯಾಂಕಿನ ಹಣವನ್ನು ಅಂಗಡಿಗೆ ಚೆಕ್ಕಿನಲ್ಲೇ ಕೊಡಿ. ಎಂಟು ದಿನದೊಳಗೆ ಬಂದದ್ದು, ಖರ್ಚಾದದ್ದು, ಉಳಿದದ್ದು ಎಂಬ ಮೂರು ಸಾಲನ್ನು ಸಮಾಜದ ಬೋರ್ಡಿಗೆ ಹಚ್ಚಿ, ಕೆಳಗೆ ದುಡಿದವರ ಹೆಸರು ಬರೆಯಿರಿ. ಒಲೆ ಮುಂದೆ ಬೆಂದವರು ಫೋಟೋದಲ್ಲಿ ಬೀಳುವುದು ಅಪರೂಪ ನೋಡಿ!

ಕೊನೆಯದಾಗಿ ಒಂದು ಮಾತು. ಆ ಶಾಲೆಯ ಹುಡುಗಿಯರನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ "ಇವರಿಗಾಗಿ ಕೊಡಿ" ಎನ್ನಬೇಡಿ. ಬೇಕಾದರೆ ಅವರೂ ಬರಲಿ, ಎಲ್ಲ ಮಕ್ಕಳ ಹಾಗೆ ಬೋಂಡಾ ತಿನ್ನಲಿ. ಆಮೇಲೆ ಒಂದು ದಿನ ಶಾಲೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿ. ನೀರು ಬಂದರೆ ನಿಮ್ಮ ಮೇಳ ಗೆದ್ದಿತು.